ಮಾರ್ಕ್ಸ್ ಚೆನ್ನಾಗೇ ಬರುತ್ತಲ್ಲ, ಇನ್ನೇನು ತೊಂದರೆ? ಆಸ್ಪರ್ಜರ್ ಇರುವ ಒಬ್ಬ ಹುಡುಗನ ಶಾಲಾ ಪ್ರಕರಣ

ಪ್ರಕರಣ ಶುರುವಾದದ್ದು ಒಂದು ಪತ್ರದಿಂದ. ಮೈಸೂರಿನ ಒಂದು ಖಾಸಗಿ ಶಾಲೆ, ರಾಜ್ಯ ಪಠ್ಯಕ್ರಮ, ಇಂಗ್ಲಿಷ್ ಮಾಧ್ಯಮ. ಹುಡುಗ 8ನೇ ಕ್ಲಾಸು. ಆಗಸ್ಟ್ ತಿಂಗಳಲ್ಲಿ ಶಾಲೆಯವರು ಅಪ್ಪ ಅಮ್ಮನಿಗೆ ಬರೆದರು: ನಿಮ್ಮ ಮಗ ಶಿಕ್ಷಕರಿಗೆ ಪದೇ ಪದೇ ಅಗೌರವ ತೋರಿಸುತ್ತಿದ್ದಾನೆ, ಈ ವರ್ಷ ಮುಗಿದ ಮೇಲೆ ಟಿಸಿ ತೆಗೆದುಕೊಂಡು ಬೇರೆ ಶಾಲೆ ನೋಡಿಕೊಳ್ಳುವುದು ಒಳ್ಳೆಯದು. ಆ ಪತ್ರ ಹಿಡಿದುಕೊಂಡು ಅಮ್ಮ ನನ್ನ ಹತ್ತಿರ ಬಂದರು. ನಾನು ವಿಶೇಷ ಶಿಕ್ಷಕಿ. ಮಾಮೂಲಿ ಶಾಲೆಗಳಲ್ಲೇ ಓದುವ, ಆದರೆ ಸ್ವಲ್ಪ ಬೇರೆ ಥರದ ಬೆಂಬಲ ಬೇಕಾದ ಮಕ್ಕಳ ಜೊತೆ ಕೆಲಸ ಮಾಡುತ್ತೇನೆ. ಹುಡುಗನ ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ. ಬರೆಯೋಕೆ ಮನೆಯವರು ಒಪ್ಪಿದ್ದಾರೆ, ಅವನೂ ಒಪ್ಪಿದ್ದಾನೆ.

"ಅಗೌರವ" ಅಂದರೆ ಏನು ಅಂತ ಶಾಲೆಯಲ್ಲಿ ಕೇಳಿದಾಗ ಎರಡು ಘಟನೆ ಹೇಳಿದರು.

ಒಂದು, ಸಮಾಜ ವಿಜ್ಞಾನದ ಪಿರಿಯಡ್. ಟೀಚರ್ ಕೆಆರ್‌ಎಸ್ ಅಣೆಕಟ್ಟಿನ ಬಗ್ಗೆ ಹೇಳುತ್ತಾ ಗರಿಷ್ಠ ನೀರಿನ ಮಟ್ಟ 130 ಅಡಿ ಅಂದರು. ಹುಡುಗ ಕೂತಲ್ಲಿಂದಲೇ "ತಪ್ಪು ಮಿಸ್, 124.80" ಅಂದ. ಅವರು "ಆಯ್ತು, ಆಮೇಲೆ ನೋಡೋಣ" ಅಂದರು. ಇವನು ಬಿಡಲಿಲ್ಲ. 130 ಅಡಿ ಅಣೆಕಟ್ಟಿನ ಎತ್ತರ, ನೀರು ನಿಲ್ಲೋದು 124.80ಕ್ಕೆ, ನಿನ್ನೆ ಒಳಹರಿವು ಇಷ್ಟು, ಹೊರಹರಿವು ಇಷ್ಟು ಅಂತ ಹೇಳುತ್ತಲೇ ಹೋದ. ಕ್ಲಾಸು ನಕ್ಕಿತು. ಟೀಚರಿಗೆ ಅವಮಾನ ಆಯಿತು. ಮಾಹಿತಿ ಮಾತ್ರ ಅವನದ್ದೇ ಸರಿ.

ಎರಡನೆಯದು ಕನ್ನಡ ಪಿರಿಯಡ್. ಅವನು ಬರೆಯದೆ ಸುಮ್ಮನೆ ಕೂತಿದ್ದ. "ಬರಿಯೋಕೆ ಇಷ್ಟ ಇಲ್ದಿದ್ರೆ ಎದ್ದು ಆಚೆ ಹೋಗು" ಅಂದರು ಟೀಚರ್. ಅವನು ಬ್ಯಾಗ್ ಜೋಡಿಸಿಕೊಂಡು ಎದ್ದು ಹೋದ. ಗೇಟಿನ ಹತ್ತಿರ ಸೆಕ್ಯುರಿಟಿಯವರು ತಡೆದಾಗ "ಮಿಸ್ಸೇ ಹೋಗು ಅಂದ್ರು" ಅಂತ ನಿಜವನ್ನೇ ಹೇಳಿದ. ಶಾಲೆಗೆ ಇದು ಕೊಬ್ಬು ಅನ್ನಿಸಿತು. ಅವನನ್ನು ನೋಡಿದವರಿಗೆ, ಟೀಚರ್ ಹೇಳಿದಷ್ಟನ್ನು ಅವನು ಹೇಳಿದ ಹಾಗೇ ಮಾಡಿದ್ದಾನೆ ಅಂತ ತಕ್ಷಣ ಗೊತ್ತಾಗುತ್ತೆ.

ಮನೆಯಲ್ಲಿ ಒಂದು ರಿಪೋರ್ಟ್ ಇತ್ತು. 9 ವರ್ಷ ಇದ್ದಾಗ ಮಕ್ಕಳ ಮನೋವೈದ್ಯರಿಗೆ ತೋರಿಸಿದ್ದರು, ಅವರು ಆಸ್ಪರ್ಜರ್ ಸಿಂಡ್ರೋಮ್, ಅಂದರೆ ಆಟಿಸಂನ ಒಂದು ಬಗೆ, ಅಂತ ಬರೆದಿದ್ದರು. ಆ ಕಾಗದ ಅಂದಿನಿಂದ ಬೀರುವಿನಲ್ಲೇ ಇತ್ತು, ಶಾಲೆಗೆ ಕೊಟ್ಟಿರಲಿಲ್ಲ. ಕೊಟ್ಟರೆ ಹುಡುಗನನ್ನು "ಆ ಥರ" ನೋಡ್ತಾರೆ ಅನ್ನೋ ಭಯ ಅಪ್ಪನಿಗೆ. ಅಜ್ಜಿಗಂತೂ ಇದರಲ್ಲಿ ಕಾಯಿಲೆ ಅನ್ನೋದೇ ಕಾಣಲಿಲ್ಲ. "ಅವರ ತಾತನೂ ಹಿಂಗೇ ಇದ್ದದ್ದು. ಯಾರ ಮನೆಗೂ ಹೋಗ್ತಿರ್ಲಿಲ್ಲ, ದಿನಾ ಅದೇ ಹೊತ್ತಿಗೆ ಅದೇ ಲೋಟದಲ್ಲಿ ಕಾಫಿ. ಏನಾಯ್ತು? ಕೆಲಸ ಮಾಡಿ ರಿಟೈರ್ ಆಗ್ಲಿಲ್ವಾ?" ಅಜ್ಜಿ ಹೇಳಿದ್ದು ಪೂರ್ತಿ ತಪ್ಪು ಅಂತ ನನಗೂ ಅನ್ನಿಸುವುದಿಲ್ಲ. ಆದರೆ ಆ ತಾತ ಒಂದು ಕ್ಲಾಸಿನಲ್ಲಿ 50 ಮಕ್ಕಳ ಮಧ್ಯೆ, ಮೈಕಿನ ಸದ್ದಿನಲ್ಲಿ, ದಿನಕ್ಕೆ 8 ಪಿರಿಯಡ್ ಕೂತು ಓದಿದವರಲ್ಲ.

ನಮ್ಮ ದೊಡ್ಡ ಅಡ್ಡಿ ಮಾರ್ಕ್ಸ್

ಮೊದಲ ಸಲ ಎಚ್‌ಎಂ, ಅಂದರೆ ಮುಖ್ಯ ಶಿಕ್ಷಕರನ್ನು ನೋಡಿದಾಗ ಅವರು ಅಂಕಪಟ್ಟಿ ತೆಗೆದು ಮೇಜಿನ ಮೇಲೆ ಇಟ್ಟರು. ಗಣಿತ, ವಿಜ್ಞಾನ ಎರಡರಲ್ಲೂ ಕ್ಲಾಸಿನ ಮೊದಲ ಐದರಲ್ಲಿ ಇದ್ದ. "ನೋಡಿ ಮೇಡಂ, ಬುದ್ಧಿ ಇದೆ. ಬುದ್ಧಿ ಇರೋ ಹುಡುಗ ಹೀಗೆ ಮಾಡ್ತಾನೆ ಅಂದ್ರೆ ಬೇಕೂಂತ ತಾನೇ?" ಅಂದರು. ಜೊತೆಗೆ, "ನಮ್ದು ಸ್ಪೆಷಲ್ ಸ್ಕೂಲ್ ಅಲ್ಲ."

ಇಂಥ ಮಕ್ಕಳ ವಿಷಯದಲ್ಲಿ ಸಾಮಾನ್ಯವಾಗಿ ಸಿಕ್ಕಿಹಾಕಿಕೊಳ್ಳುವ ಜಾಗ ಇದು. ಓದಲಾರದ ಮಗು ಅಂದರೆ ಶಾಲೆಗೆ ಅಯ್ಯೋ ಅನ್ನಿಸುತ್ತೆ. ಓದುವ ಮಗು ಪ್ರೇಯರ್‌ನಲ್ಲಿ ಕಿವಿ ಮುಚ್ಚಿಕೊಂಡರೆ ನಾಟಕ ಅನ್ನಿಸುತ್ತೆ. ಆಸ್ಪರ್ಜರ್ ಅಂತ ಕರೆಯುತ್ತಿದ್ದ ಸ್ಥಿತಿಯಲ್ಲಿ ಬುದ್ಧಿಶಕ್ತಿಗೆ ಕೊರತೆ ಇರುವುದಿಲ್ಲ, ಮಾತು ತಡವಾಗಿ ಬಂದಿರುವುದಿಲ್ಲ. ಕಷ್ಟ ಇರುವುದು ಬೇರೆ ಕಡೆ: ಎದುರಿಗಿರುವವರ ಮುಖ, ದನಿ, ಸೂಚನೆ ಓದುವುದರಲ್ಲಿ, ದಿನಚರಿ ಇದ್ದಕ್ಕಿದ್ದ ಹಾಗೆ ಬದಲಾದಾಗ, ಸದ್ದು, ವಾಸನೆ, ನೂಕುನುಗ್ಗಲು ತಡೆದುಕೊಳ್ಳುವುದರಲ್ಲಿ. ಇದ್ಯಾವುದಕ್ಕೂ ಅಂಕಪಟ್ಟಿಯಲ್ಲಿ ಕಾಲಂ ಇಲ್ಲ.

ಎಚ್‌ಎಂ ಮತ್ತೂ ಒಂದು ಮಾತು ಹೇಳಿದರು. ರಿಪೋರ್ಟ್ ತಿರುವಿ ನೋಡಿ, "ಆಸ್ಪರ್ಜರ್ ಅನ್ನೋದು ಸರ್ಕಾರದ ಪಟ್ಟಿಯಲ್ಲೇ ಇಲ್ವಲ್ಲ" ಅಂದರು. ಅಕ್ಷರಶಃ ನೋಡಿದರೆ ಹೌದು. ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂ 2013ರಲ್ಲಿ ಆ ಹೆಸರನ್ನು ಬಿಟ್ಟು ಎಲ್ಲವನ್ನೂ ಆಟಿಸಂ ಸ್ಪೆಕ್ಟ್ರಂ ಡಿಸಾರ್ಡರ್ ಅಡಿಯಲ್ಲಿ ತಂದಿತು. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ ಐಸಿಡಿ-11 ಕೂಡ ಹಾಗೇ ಮಾಡಿದೆ, ಅದು 2022ರ ಜನವರಿಯಿಂದ ಜಾರಿಯಲ್ಲಿದೆ. ನಮ್ಮ ವಿಕಲಚೇತನರ ಹಕ್ಕುಗಳ ಕಾಯ್ದೆ 2016ರ ಪಟ್ಟಿಯಲ್ಲಿ 21 ಬಗೆಗಳಿವೆ, ಅದರಲ್ಲಿರುವುದು ಆಟಿಸಂ ಸ್ಪೆಕ್ಟ್ರಂ ಡಿಸಾರ್ಡರ್. ಮನೆಯಲ್ಲಿ, ನಿಮ್ಮ ನಿಮ್ಮಲ್ಲಿ ಏನು ಬೇಕಾದರೂ ಕರೆಯಿರಿ. ಶಾಲೆಗೆ, ಬೋರ್ಡಿಗೆ ಕೊಡುವ ಕಾಗದದಲ್ಲಿ ಮಾತ್ರ ಕಾಯ್ದೆಯಲ್ಲಿರುವ ಹೆಸರೇ ಇರಬೇಕು, ಇಲ್ಲಾಂದ್ರೆ ಗುಮಾಸ್ತರ ಮೇಜಿನಿಂದಲೇ ವಾಪಸ್ ಬರುತ್ತೆ. ಹಾಗಾಗಿ ಹೊಸದಾಗಿ ಮೌಲ್ಯಮಾಪನ ಮಾಡಿಸಲು ಹೇಳಿದೆ. ಮೈಸೂರಿನವರಿಗೆ ಒಂದು ಅನುಕೂಲ ಇದೆ. ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕ್ಲಿನಿಕಲ್ ಸೈಕಾಲಜಿ ವಿಭಾಗವೂ ಇದೆ, ಆಟಿಸಂ ಮಕ್ಕಳನ್ನು ನೋಡುವ ಅನುಭವವೂ ಇದೆ. ಹೊಸ ರಿಪೋರ್ಟ್ ಅಲ್ಲಿಂದ ಬಂತು.

ಕಾಯ್ದೆ ಎಷ್ಟು ಕೆಲಸಕ್ಕೆ ಬಂತು

ಅಪ್ಪ ಮೊದಲು ಕೇಳಿದ್ದು, "ಟಿಸಿ ಕೊಟ್ಟು ಕಳಿಸಬಹುದಾ ಮೇಡಂ?" ಅಂತ. ಶಿಕ್ಷಣ ಹಕ್ಕು ಕಾಯ್ದೆ 2009ರ 16ನೇ ಸೆಕ್ಷನ್ ಪ್ರಕಾರ ಪ್ರಾಥಮಿಕ ಶಿಕ್ಷಣ, ಅಂದರೆ 8ನೇ ತರಗತಿ, ಮುಗಿಯುವ ತನಕ ಯಾವ ಮಗುವನ್ನೂ ಶಾಲೆಯಿಂದ ತೆಗೆಯುವಂತಿಲ್ಲ. ಪತ್ರದಲ್ಲಿ "ಈ ವರ್ಷ ಮುಗಿದ ಮೇಲೆ" ಅಂತ ಇದ್ದದ್ದನ್ನು ಗಮನಿಸಿ. 8ನೇ ಕ್ಲಾಸು ಮುಗಿದ ಮೇಲೆ! ಗೊತ್ತಿದ್ದೇ ಬರೆದರೋ, ಹಾಗೆ ಸುಮ್ನೆ ಬಂತೋ, ಅವರಿಗೇ ಗೊತ್ತು.

9ನೇ ಕ್ಲಾಸಿನಿಂದ ಆಚೆಗೆ ಆಸರೆ 2016ರ ಕಾಯ್ದೆ. ಅದರ 16ನೇ ಸೆಕ್ಷನ್ ಸರ್ಕಾರಿ ಶಾಲೆಗೆ ಮಾತ್ರ ಅಲ್ಲ, ಸರ್ಕಾರದ ಮಾನ್ಯತೆ ಪಡೆದ ಎಲ್ಲ ಶಾಲೆಗಳಿಗೂ ಸೇರಿದ್ದು. ಭೇದ ಮಾಡದೆ ಸೇರಿಸಿಕೊಳ್ಳಬೇಕು, ಆ ಮಗುವಿಗೆ ಬೇಕಾದ ಹೊಂದಾಣಿಕೆ ಮಾಡಿಕೊಡಬೇಕು, ಒಬ್ಬೊಬ್ಬರಿಗೂ ತಕ್ಕ ಬೆಂಬಲ ಕೊಡಬೇಕು ಅಂತ ಅದರಲ್ಲಿದೆ. "ನಮ್ದು ಸ್ಪೆಷಲ್ ಸ್ಕೂಲ್ ಅಲ್ಲ" ಅನ್ನುವ ಮಾತಿಗೆ ಉತ್ತರ ಇದೇ: ಮಾಮೂಲಿ ಶಾಲೆಗೇ ಈ ಕಾಯ್ದೆ. 17ನೇ ಸೆಕ್ಷನ್‌ನಲ್ಲಿ ಪರೀಕ್ಷೆಯ ವಿಷಯ ಬರುತ್ತದೆ: ಹೆಚ್ಚು ಸಮಯ, ಬರೆಯಲು ಸಹಾಯಕರು, ದ್ವಿತೀಯ ಮತ್ತು ತೃತೀಯ ಭಾಷೆಯಿಂದ ವಿನಾಯಿತಿ.

ಇಷ್ಟನ್ನೂ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಅಪ್ಪನ ಕೈಗೆ ಕೊಟ್ಟೆ. ಆದರೆ ಮೊದಲ ಸಭೆಯಲ್ಲೇ ತೆಗೆಯಬೇಡಿ ಅಂತ ಹೇಳಿದೆ. ಇದು ನನ್ನ ಅಭಿಪ್ರಾಯ, ಬೇರೆಯವರು ಒಪ್ಪದಿರಬಹುದು: ಮೊದಲ ದಿನವೇ ಸೆಕ್ಷನ್ ನಂಬರ್ ಹೇಳಿದರೆ ಎಚ್‌ಎಂ ಮ್ಯಾನೇಜ್‌ಮೆಂಟ್‌ಗೆ ಫೋನ್ ಮಾಡ್ತಾರೆ, ಮ್ಯಾನೇಜ್‌ಮೆಂಟ್ ವಕೀಲರಿಗೆ ಮಾಡುತ್ತೆ. ಆಮೇಲೆ ಹುಡುಗನ ಜೊತೆ ದಿನಾ 40 ನಿಮಿಷ ಕಳೆಯುವ ಟೀಚರ್ ಹತ್ತಿರ ಯಾರೂ ಮಾತಾಡೋದೇ ಇಲ್ಲ. ಮಾತಿಗೆ ಬಗ್ಗದಿದ್ದರೆ ತಾಲ್ಲೂಕಿನ ಶಿಕ್ಷಣಾಧಿಕಾರಿ ಬಿಇಒ ಇದ್ದಾರೆ, ಜಿಲ್ಲೆಯ ಉಪನಿರ್ದೇಶಕರು ಡಿಡಿಪಿಐ ಇದ್ದಾರೆ, ಅದೂ ಆಗದಿದ್ದರೆ ವಿಕಲಚೇತನರ ರಾಜ್ಯ ಆಯುಕ್ತರಿಗೆ ದೂರು ಕೊಡಬಹುದು. ಈ ಪ್ರಕರಣದಲ್ಲಿ ಅಲ್ಲಿಯವರೆಗೆ ಹೋಗಬೇಕಾಗಲಿಲ್ಲ.

ದಿನ ಎಲ್ಲಿ ಮುರಿಯುತ್ತೆ

ಶಾಲೆಯಲ್ಲಿ "ಯಾವಾಗಲೂ ಹೀಗೇ" ಅಂತಾರೆ. ಮನೆಯಲ್ಲಿ "ಯಾವಾಗ ಏನಾಗುತ್ತೋ ಗೊತ್ತಾಗಲ್ಲ" ಅಂತಾರೆ. ಎರಡೂ ಉಪಯೋಗಕ್ಕೆ ಬರುವುದಿಲ್ಲ. ಹುಡುಗನ ಕೈಗೇ ಟೈಮ್‌ಟೇಬಲ್‌ನ ಜೆರಾಕ್ಸ್ ಕೊಟ್ಟು, ಪ್ರತಿ ಪಿರಿಯಡ್‌ಗೂ 0ಯಿಂದ 5ರ ಒಳಗೆ ಒಂದು ನಂಬರ್ ಹಾಕು ಅಂದೆವು. 0 ಅಂದರೆ ಆರಾಮ, 5 ಅಂದರೆ ಕೂತಿರೋಕೆ ಆಗಲಿಲ್ಲ. "ಹೇಗಿತ್ತು ಸ್ಕೂಲು?" ಅಂತ ಕೇಳಿದರೆ "ಇತ್ತು" ಅನ್ನುವ ಹುಡುಗ, ನಂಬರ್ ಕೇಳಿದಾಗ ದಶಾಂಶ ಹಾಕಿ ಕೊಟ್ಟ. 3.5, 4.2.

ಗಣಿತ, ಕನ್ನಡ 5 ಇರಬಹುದು, ಪಿಟಿ ಆರಾಮ ಇರಬಹುದು ಅಂತ ಯಾರಾದರೂ ಊಹಿಸಬಹುದು, ಆದರೆ ನಂಬರುಗಳು ಬೇರೆಯೇ ಹೇಳಿದವು. ಪಾಠ ನಡೆಯುವ ಪಿರಿಯಡ್‌ಗಳೆಲ್ಲ 0 ಅಥವಾ 1. ಬೆಳಗಿನ ಪ್ರೇಯರ್ 4. ಪಿಟಿ 4. ಊಟದ ಬಿಡುವು ದಿನಾ 5. ಯಾವುದಾದರೂ ಟೀಚರ್ ರಜೆ ಹಾಕಿ ಬೇರೆಯವರು ಬಂದ ಪಿರಿಯಡ್, ಯಾವ ವಿಷಯವಾದರೂ ಸರಿ, 5. ಕನ್ನಡ ಹೆಚ್ಚಿನ ದಿನ 1 ಇತ್ತು, ಪತ್ರಲೇಖನ ಮಾಡಿಸಿದ ದಿನ ಮಾತ್ರ 5ಕ್ಕೆ ಏರಿತ್ತು. ಅಂದರೆ ಉಳಿದ ಮಕ್ಕಳು ಯಾವುದಕ್ಕಾಗಿ ಶಾಲೆಗೆ ಬರುತ್ತಾರೋ, ಬಿಡುವು, ಆಟ, ಖಾಲಿ ಪಿರಿಯಡ್, ಅದೇ ಇವನಿಗೆ ಅತೀ ಕಷ್ಟದ ಹೊತ್ತು.

ಊಟದ ಬಿಡುವಿನಲ್ಲಿ ಏನಾಗುತ್ತೆ ಅಂತ ನೋಡಲು ಒಂದು ದಿನ ಕಾರಿಡಾರಿನಲ್ಲಿ ನಿಂತಿದ್ದೆ. ಅವನು ಕಂಬದ ಪಕ್ಕ ಡಬ್ಬಿ ಹಿಡಿದು ನಿಂತಿದ್ದ. ಒಬ್ಬ ಹುಡುಗ ಬಂದು "ಇವತ್ತು ಎಷ್ಟು ಅಡಿ?" ಅಂದ. ಇವನು ಹೇಳಿದ. ಅವನು ಹೋಗಿ ಇನ್ನೊಬ್ಬನನ್ನು ಕಳಿಸಿದ. "ಇವತ್ತು ಎಷ್ಟು ಅಡಿ?" ಮತ್ತೆ ಹೇಳಿದ. ಒಳಹರಿವು ಇಷ್ಟು ಸಾವಿರ ಕ್ಯೂಸೆಕ್, ಹೊರಹರಿವು ಇಷ್ಟು. ಮೂರನೆಯವನು, ನಾಲ್ಕನೆಯವನು. ಮೆಟ್ಟಿಲ ಹತ್ತಿರ ಗುಂಪು ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ಡಬ್ಬಿಯ ಚಿತ್ರಾನ್ನ ಹಾಗೇ ಇತ್ತು. ಸ್ಟಾಫ್ ರೂಮಿನಲ್ಲಿ ಒಬ್ಬ ಟೀಚರ್ ನನಗೆ ಹೇಳಿದರು: "ಅವನಿಗೆ ಫ್ರೆಂಡ್ಸ್ ಇದಾರೆ ಮೇಡಂ, ಬಿಡುವಲ್ಲಿ ಯಾರಾದ್ರೂ ಬಂದು ಮಾತಾಡಿಸ್ತಾನೇ ಇರ್ತಾರೆ."

ಗೇಲಿ ಅಂತ ಅವನಿಗೆ ಗೊತ್ತಿರಲಿಲ್ಲವಾ? ಕೇಳಿದೆ. "ಮೊದಲು ಗೊತ್ತಿರಲಿಲ್ಲ. ಈಗ ಗೊತ್ತು. ಆದರೆ ಪ್ರಶ್ನೆ ಕೇಳಿದ್ರೆ ಉತ್ತರ ಹೇಳ್ಬೇಕಲ್ವಾ?" ಅಂದ. ದಿನಾ ಬೆಳಿಗ್ಗೆ ಪೇಪರಿನಲ್ಲಿ ಅಣೆಕಟ್ಟೆಗಳ ನೀರಿನ ಮಟ್ಟ ನೋಡಿ ನೋಟ್‌ಬುಕ್ಕಿಗೆ ಬರೆಯುವುದು ಅವನ ಅಭ್ಯಾಸ. ಕೆಆರ್‌ಎಸ್, ಕಬಿನಿ, ಹೇಮಾವತಿ, ಹಾರಂಗಿ. ಕೊಡಗಿನಲ್ಲಿ ಮಳೆ ಹಿಡಿದರೆ ಆ ವಾರ ಅವನು ಬೇರೆ ಏನನ್ನೂ ಮಾತಾಡುವುದಿಲ್ಲ. ಪತ್ರ ಬಂದದ್ದೂ ಆಗಸ್ಟಿನಲ್ಲೇ ಅನ್ನೋದು ನೆನಪಿರಲಿ.

ಸಭೆ

ದಸರಾ ರಜೆಗೆ ಮುಂಚೆ ಸಭೆ ಸೇರಿದೆವು. ಎಚ್‌ಎಂ, ಕ್ಲಾಸ್ ಟೀಚರ್ ಆಗಿದ್ದ ಗಣಿತದ ಸರ್, ಕನ್ನಡ ಟೀಚರ್, ಅಪ್ಪ, ಅಮ್ಮ, ನಾನು. ಆಟಿಸಂ ಅಂದರೇನು ಅಂತ ನಾನು ಭಾಷಣ ಮಾಡಲಿಲ್ಲ. ಆ ನಂಬರ್ ಹಾಕಿದ ಟೈಮ್‌ಟೇಬಲ್ ಮೇಜಿನ ಮೇಲೆ ಇಟ್ಟೆವು, ಅಷ್ಟೇ. ಎಚ್‌ಎಂ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಮಾತು ಬದಲಾದದ್ದು ಗಣಿತದ ಸರ್ ಬಾಯಿ ಬಿಟ್ಟಾಗ. "ಹೌದಲ್ವಾ, ನಾನು ಬೇರೆಯವರ ಪಿರಿಯಡ್‌ಗೆ ಹೋದಾಗ ಮಾತ್ರ ಇವನು ಕಿರಿಕಿರಿ ಮಾಡೋದು. ನನ್ನ ಪಿರಿಯಡ್‌ನಲ್ಲಿ ಏನೂ ಇಲ್ಲ" ಅಂದರು. ಶಾಲೆಯ ಒಳಗಿನವರೇ ಒಬ್ಬರು ಹಾಗೆ ಹೇಳಿದ ಮೇಲೆ "ಬೇಕೂಂತ ಮಾಡ್ತಾನೆ" ಅನ್ನುವ ವಾದಕ್ಕೆ ಬಲ ಉಳಿಯಲಿಲ್ಲ.

ಅಪ್ಪ ಶ್ಯಾಡೋ ಟೀಚರ್, ಅಂದರೆ ಕ್ಲಾಸಿನಲ್ಲಿ ಅವನ ಪಕ್ಕದಲ್ಲೇ ಕೂತು ನೆರವಾಗುವವರನ್ನು, ಕೇಳಬೇಕು ಅಂತ ಬಂದಿದ್ದರು. ಯಾರೋ ಬೆಂಗಳೂರಿನ ನೆಂಟರು ಹೇಳಿದ್ದರಂತೆ. ಅದರ ಖರ್ಚು ಸಾಮಾನ್ಯವಾಗಿ ಮನೆಯವರ ತಲೆಗೇ ಬರುತ್ತೆ ಅನ್ನೋದು ಒಂದು. 13 ವರ್ಷದ ಹುಡುಗನ ಪಕ್ಕ ದೊಡ್ಡವರೊಬ್ಬರು ದಿನವಿಡೀ ಕೂತರೆ ಗೇಲಿ ಇನ್ನೂ ಜಾಸ್ತಿ ಆಗುತ್ತೆ ಅನ್ನೋದು ಇನ್ನೊಂದು. ಪಾಠದ ಹೊತ್ತಿನಲ್ಲಿ ಅವನಿಗೆ ಯಾರೂ ಬೇಕಾಗಿಯೇ ಇರಲಿಲ್ಲ. ಆ ಬೇಡಿಕೆ ಅಲ್ಲೇ ಬಿಟ್ಟೆವು.

ಒಪ್ಪಿಕೊಂಡದ್ದನ್ನು ಒಂದೂವರೆ ಪುಟದಲ್ಲಿ ಬರೆದೆವು. ಎಲ್ಲರೂ ಸಹಿ ಹಾಕಿದರು, ಶಾಲೆಯ ಸೀಲ್ ಬಿತ್ತು. ಸೀಲ್ ಬೇಕೇ ಬೇಕು ಅಂತ ಹಟ ಹಿಡಿದದ್ದು ಅಮ್ಮ. ಟೀಚರ್‌ಗಳು ಬದಲಾಗ್ತಾರೆ, ಎಚ್‌ಎಂ ಬದಲಾಗ್ತಾರೆ, ಬಾಯಿಮಾತು ಅವರ ಜೊತೆಗೇ ಹೋಗುತ್ತೆ ಅಂದರು. ಮುಂದಿನ ವರ್ಷ ಎಚ್‌ಎಂ ನಿಜವಾಗಿಯೂ ಬದಲಾದರು.

ಆ ಹಾಳೆಯಲ್ಲಿ ಇದ್ದದ್ದು ಸಣ್ಣ ಸಣ್ಣ ವಿಷಯಗಳು. ಪ್ರೇಯರ್‌ಗೆ ಸ್ಪೀಕರ್‌ನಿಂದ ದೂರ, ಕೊನೆಯ ಸಾಲಿನಲ್ಲಿ ನಿಲ್ಲಬಹುದು. ಪಿರಿಯಡ್ ಬದಲಾಗುವುದಿದ್ದರೆ ಬೆಳಿಗ್ಗೆಯೇ ಬೋರ್ಡಿನ ಮೂಲೆಯಲ್ಲಿ ಬರೆಯಬೇಕು. ತೀರಾ ತಡೆಯಲಾಗದಿದ್ದರೆ ಅವನು ಕಂಪಾಸ್ ಬಾಕ್ಸನ್ನು ಡೆಸ್ಕಿನ ಎಡ ಮೂಲೆಗೆ ಇಡುತ್ತಾನೆ, ಟೀಚರ್ ತಲೆಯಾಡಿಸಿದರೆ ನೀರು ಕುಡಿದು ಬರುತ್ತಾನೆ. ಅವನಿಗೆ ಹೇಳುವ ಮಾತು ನೇರವಾಗಿರಬೇಕು: "ಎದ್ದು ಆಚೆ ಹೋಗು" ಅಲ್ಲ, "ಈಗ ಮೂರನೇ ಪ್ರಶ್ನೆ ಬರಿ." ಟೀಚರ್ ಹೇಳಿದ್ದು ತಪ್ಪು ಅನ್ನಿಸಿದರೆ ಚೀಟಿಯಲ್ಲಿ ಬರೆದು ಪಿರಿಯಡ್ ಮುಗಿದ ಮೇಲೆ ಕೊಡಬೇಕು, ಟೀಚರ್ ಮಾರನೇ ದಿನದೊಳಗೆ ಉತ್ತರ ಹೇಳಬೇಕು. ಈ ಕೊನೆಯದಕ್ಕೆ ಸಮಾಜದ ಟೀಚರ್ ಒಪ್ಪಿದ್ದು ತಡವಾಗಿ. ಚೀಟಿಗಳು ಮೊದಲ ವಾರ ಮಳೆಯ ಹಾಗೆ ಬಂದವು. ಉತ್ತರ ಸಿಗುತ್ತೆ ಅಂತ ಖಾತ್ರಿ ಆದ ಮೇಲೆ ಕಡಿಮೆ ಆದವು.

ಬೋರ್ಡಿನ ಮೂಲೆಯ ಬರಹ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿತು. ಖರ್ಚು ಒಂದು ಸೀಮೆಸುಣ್ಣ. ಉಳಿದ ಮಕ್ಕಳೂ ಅದನ್ನೇ ನೋಡಲು ಶುರು ಮಾಡಿದರು.

ಊಟದ ಬಿಡುವಿಗೆ ಮಾಡಿದ ಮೊದಲ ಏರ್ಪಾಡು ಕೆಟ್ಟಿತು. ಶಾಲೆಯವರು ಕ್ಲಾಸ್ ಲೀಡರ್ ಹುಡುಗಿಯನ್ನು ಅವನ ಜೊತೆ ಕೂರಲು ಹೇಳಿದರು. ಅವನು ಆ ಹುಡುಗಿಗೆ ದಿನಾ ನಾಲ್ಕು ಅಣೆಕಟ್ಟೆಯ ಲೆಕ್ಕ ಒಪ್ಪಿಸಿದ. ಅವಳಿಗೆ ತನ್ನ ಗೆಳತಿಯರ ಜೊತೆ ಕೂರೋಕೆ ಆಗದೆ ಅಳು ಬಂತು, ಅವಳ ಅಮ್ಮ ಬಂದು ಕೇಳಿದರು. ಕೇಳಿದ್ದು ನ್ಯಾಯವೇ. ಒಂದು ಮಗುವಿನ ಬಿಡುವನ್ನು ಇನ್ನೊಂದು ಮಗುವಿನ ಡ್ಯೂಟಿ ಮಾಡಬಾರದು.

ದಾರಿ ಸಿಕ್ಕಿದ್ದು ಸೈನ್ಸ್ ಲ್ಯಾಬಿನಲ್ಲಿ. ಅಲ್ಲಿನ ಅಟೆಂಡರ್ ಅಕ್ಕ ಮಧ್ಯಾಹ್ನ ಅಲ್ಲೇ ಊಟ ಮಾಡುತ್ತಿದ್ದರು. ಒಂದು ದಿನ ಇವನು ಬಾಗಿಲಲ್ಲಿ ನಿಂತಿದ್ದನ್ನು ನೋಡಿ "ಬಾ ಒಳಗೆ, ಫ್ಯಾನ್ ಕೆಳಗೆ ಕೂತ್ಕೋ" ಅಂದರಂತೆ. ಅವರು ಜಾಸ್ತಿ ಮಾತಾಡುವವರಲ್ಲ, ಇವನಿಗೆ ಬೇಕಾಗಿದ್ದೂ ಅದೇ. ಊಟ ಆದ ಮೇಲೆ ಬಾಟಲಿಗಳ ಹಳೇ ಚೀಟಿ ಕಿತ್ತು ಹೊಸದು ಅಂಟಿಸುವ ಕೆಲಸ ಕೊಟ್ಟರು. ಇವನು ಇಂಗ್ಲಿಷ್ ಅಕ್ಷರಮಾಲೆ ಪ್ರಕಾರ ಕಪಾಟನ್ನೇ ಜೋಡಿಸಿಟ್ಟ. ಕೆಲವು ವಾರದಲ್ಲಿ ಇನ್ನಿಬ್ಬರು ಹುಡುಗರು ಅಲ್ಲಿಗೆ ಬರಲು ಶುರು ಮಾಡಿದರು, ಅವರಿಗೂ ಗದ್ದಲ ಆಗುತ್ತಿರಲಿಲ್ಲ. ಮೂವರೂ ಮಾತಾಡದೆ ಊಟ ಮಾಡುತ್ತಾರೆ ಅಂತ ಆ ಅಕ್ಕ ನಗುತ್ತಾ ಹೇಳಿದರು. ಊಟದ ಬಿಡುವಿನ ನಂಬರ್ 5ರಿಂದ 1.5ಕ್ಕೆ ಇಳಿಯಿತು.

"ಎಷ್ಟು ಅಡಿ" ಗೇಲಿಯನ್ನು ಗಣಿತದ ಸರ್ ನಿಲ್ಲಿಸಿದರು. ಹುಡುಗನ ಸ್ಥಿತಿ ಏನು ಅಂತ ಅವರು ಕ್ಲಾಸಿಗೆ ಹೇಳಲಿಲ್ಲ, ಹೇಳಬಾರದು ಅಂತ ಮೊದಲೇ ಮಾತಾಗಿತ್ತು. ಹೇಳುವುದಾದರೆ ಅವನು ಹೇಳಬೇಕು. ಆ ನಾಲ್ಕು ಹುಡುಗರನ್ನು ಮಾತ್ರ ಕರೆದು, ನೀವು ಮಾಡ್ತಿರೋದು ಏನು ಅಂತ ನನಗೆ ಗೊತ್ತು, ನಿಮ್ಮಪ್ಪಂದಿರಿಗೂ ಗೊತ್ತಾಗ್ಬೇಕಾ ಅಂದರು. ಪೂರ್ತಿ ನಿಂತಿತು ಅನ್ನಲಾರೆ. ಕಾರಿಡಾರಿನಲ್ಲಿ ನಿಂತಿತು.

ಆ ಪತ್ರಲೇಖನ

ಕನ್ನಡ ಪಿರಿಯಡ್‌ನಲ್ಲಿ ಅವನು ಬರೆಯದೆ ಕೂತಿದ್ದ ಪ್ರಶ್ನೆ ಯಾವುದು ಅಂತ ಯಾರೂ ಕೇಳಿರಲಿಲ್ಲ. ನಮ್ಮ ಪ್ರಶ್ನೆಪತ್ರಿಕೆಗಳಲ್ಲಿ ಎಲ್ಲರಿಗೂ ಗೊತ್ತಿರುವ ಮಾದರಿ ಅದು: ನಿಮ್ಮನ್ನು ಇಂಥ ಊರಿನ, ಇಂಥ ಶಾಲೆಯ ರವಿ ಎಂದು ಭಾವಿಸಿಕೊಂಡು ಪತ್ರ ಬರೆಯಿರಿ. ಅವನ ಉತ್ತರಪತ್ರಿಕೆಗಳಲ್ಲಿ ಆ ಜಾಗ ಪ್ರತಿ ಸಲವೂ ಖಾಲಿ. ಯಾಕೆ ಅಂತ ಕೇಳಿದಾಗ, "ನಾನು ರವಿ ಅಲ್ಲ. ಅವನ ಊರಲ್ಲಿ ಬೀದಿ ದೀಪ ಇದೆಯೋ ಇಲ್ವೋ ನನಗೆ ಹೇಗೆ ಗೊತ್ತಾಗ್ಬೇಕು? ಸುಳ್ಳು ದೂರು ಬರೆದ ಹಾಗಾಗುತ್ತೆ" ಅಂದ.

ಕನ್ನಡ ಟೀಚರ್ ಇದನ್ನು ಕೇಳಿ ನಕ್ಕರು, ಆಮೇಲೆ ಯೋಚನೆಗೆ ಬಿದ್ದರು. ಇಡೀ ಪ್ರಕರಣದಲ್ಲಿ ನನಗೆ ತುಂಬಾ ಹಿಡಿಸಿದ ಕೆಲಸ ಅವರದ್ದು. ಪತ್ರದ ಚೌಕಟ್ಟನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟರು: ಇಂದ, ಗೆ, ಮಾನ್ಯರೇ, ವಿಷಯ, ಮೂರು ವಾಕ್ಯ, ವಂದನೆಗಳೊಂದಿಗೆ, ಇತಿ ತಮ್ಮ ವಿಶ್ವಾಸಿ. ಮೇಲೆ ಒಂದು ಸಾಲು ಸೇರಿಸಿದರು: "ಈ ಪತ್ರವನ್ನು ಯಾರೂ ಪೋಸ್ಟ್ ಮಾಡುವುದಿಲ್ಲ. ಇದು ನಿನಗೆ ಪತ್ರದ ಕ್ರಮ ಗೊತ್ತಿದೆಯಾ ಅಂತ ನೋಡುವ ಪ್ರಶ್ನೆ. ಇಲ್ಲಿ ಬರೆದದ್ದು ಸುಳ್ಳು ಅಂತ ಲೆಕ್ಕ ಇಲ್ಲ." ಅವನು ಅದನ್ನು ಮೂರು ಸಲ ಓದಿ, "ಹಾಗಂತ ಪ್ರಶ್ನೆಯಲ್ಲೇ ಬರೀಬೇಕಿತ್ತು" ಅಂದ. ಅವನು ಬರೆದ ಮೊದಲ ಪತ್ರ ನೀರಾವರಿ ಇಲಾಖೆಗೆ. ಪ್ರಬಂಧದಲ್ಲಿ ಇವತ್ತಿಗೂ ಹಿಂದೆಯೇ.

ಈ ಹೊತ್ತಿಗೆ 8ನೇ ಕ್ಲಾಸು ಮುಗಿಯಿತು. ಟಿಸಿಯ ಮಾತು ಯಾರೂ ಎತ್ತಲಿಲ್ಲ. ಇಲ್ಲಿಯವರೆಗೆ ನಡೆದ ಯಾವುದಕ್ಕೂ ಅಂಗವೈಕಲ್ಯ ಪ್ರಮಾಣಪತ್ರ ಬೇಕಾಗಿರಲಿಲ್ಲ ಅನ್ನೋದನ್ನು ಗಮನಿಸಬೇಕು. ಎಷ್ಟೋ ಮನೆಗಳಲ್ಲಿ ಸರ್ಟಿಫಿಕೇಟ್ ಬರಲಿ, ಆಮೇಲೆ ಶಾಲೆಯನ್ನು ಕೇಳೋಣ ಅಂತ ಕಾಯುತ್ತಾರೆ. ಶಾಲೆಯವರೂ ಅದನ್ನೇ ಹೇಳುತ್ತಾರೆ. ಕ್ಲಾಸಿನೊಳಗಿನ ಹೊಂದಾಣಿಕೆಗೆ ಒಂದು ವೈದ್ಯಕೀಯ ರಿಪೋರ್ಟ್, ಒಪ್ಪುವ ಒಬ್ಬ ಟೀಚರ್ ಇದ್ದರೆ ಸಾಕು. ಪ್ರಮಾಣಪತ್ರ ಬೇಕಾಗುವುದು ಬೋರ್ಡ್ ಪರೀಕ್ಷೆಗೆ.

ಪ್ರಮಾಣಪತ್ರ ಮತ್ತು ಎಸ್‌ಎಸ್‌ಎಲ್‌ಸಿ

9ನೇ ಕ್ಲಾಸಿನಲ್ಲಿ ಅದಕ್ಕೆ ಕೈ ಹಾಕಿದೆವು. ಯುಡಿಐಡಿ, ಅಂದರೆ ವಿಕಲಚೇತನರ ಗುರುತಿನ ಕಾರ್ಡಿಗೆ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ಆಮೇಲೆ ವೈದ್ಯಕೀಯ ಮಂಡಳಿಯ ಮುಂದೆ ಹೋಗಬೇಕು. ಆಟಿಸಂ ಅಳೆಯಲು ನಮ್ಮಲ್ಲಿ ಬಳಸುವುದು ಐಎಸ್‌ಎಎ ಅನ್ನುವ ಭಾರತೀಯ ಮಾಪನ. ಸಿಕಂದರಾಬಾದಿನಲ್ಲಿರುವ, ಬೌದ್ಧಿಕ ಅಂಗವೈಕಲ್ಯಕ್ಕೆ ಸಂಬಂಧಿಸಿದ ರಾಷ್ಟ್ರೀಯ ಸಂಸ್ಥೆ ತಯಾರಿಸಿದ್ದು. ಅದರಲ್ಲಿ 40 ಅಂಶಗಳಿವೆ, ಒಂದೊಂದಕ್ಕೂ 1ರಿಂದ 5 ಅಂಕ. ಒಟ್ಟು 70 ಮುಟ್ಟಿದರೆ ಆಟಿಸಂ, 106ರ ತನಕ ಸೌಮ್ಯ ಅಂತ ಲೆಕ್ಕ. ಆ ಅಂಕದಿಂದ ಲೆಕ್ಕ ಹಾಕಿದ ಅಂಗವೈಕಲ್ಯ 40 ಪರ್ಸೆಂಟ್ ಇದ್ದರೆ ಕಾಯ್ದೆಯ ಪ್ರಕಾರ ಹೆಚ್ಚಿನ ಸೌಲಭ್ಯಗಳು ಸಿಗುತ್ತವೆ.

ಮಾತು ಸ್ಪಷ್ಟವಾಗಿರುವ, ಪ್ರಶ್ನೆಗೆ ಪಟಪಟ ಉತ್ತರ ಕೊಡುವ ಮಕ್ಕಳನ್ನು ಈ ಮಾಪನ ಸರಿಯಾಗಿ ಹಿಡಿಯುವುದಿಲ್ಲ ಅನ್ನೋದು ನನ್ನ ಅನುಭವ. ಡಾಕ್ಟರ ಕೋಣೆ ಶಾಂತವಾಗಿರುತ್ತೆ, ಪ್ರಶ್ನೆ ನೇರವಾಗಿರುತ್ತೆ, ಒಬ್ಬರೇ ಮಾತಾಡುತ್ತಾರೆ. ಇವನಿಗೆ ಅದು 0 ನಂಬರಿನ ಪಿರಿಯಡ್! ಅದಕ್ಕೇ ಅಮ್ಮ ಶಾಲೆಯ ಹಾಳೆ, ನಂಬರ್ ಹಾಕಿದ ಟೈಮ್‌ಟೇಬಲ್‌ಗಳು, ಟೀಚರ್ ಬರೆದುಕೊಟ್ಟ ಎರಡು ಪುಟ ಎಲ್ಲ ಫೈಲು ಮಾಡಿ ತೆಗೆದುಕೊಂಡು ಹೋದರು. ಮನೋವೈದ್ಯರು ಅದನ್ನು ಓದಿ ಪ್ರಶ್ನೆ ಕೇಳಿದರು. 50 ಪರ್ಸೆಂಟ್ ಅಂತ ಬಂತು, ಹಳದಿ ಬಣ್ಣದ ಕಾರ್ಡು.

ಅಪ್ಪ ಕೊನೆಯವರೆಗೂ ಹಿಂಜರಿದರು. "ಮುಂದೆ ಕೆಲಸಕ್ಕೆ ಇದು ಅಡ್ಡ ಬರಲ್ವಾ?" ಕಾರ್ಡು ಇದ್ದ ಮಾತ್ರಕ್ಕೆ ಎಲ್ಲ ಕಡೆ ತೋರಿಸಬೇಕಾಗಿಲ್ಲ, ಬೇಕಾದಾಗ ಮಾತ್ರ ತೋರಿಸಿದರೆ ಆಯಿತು ಅಂತ ಗಣಿತದ ಸರ್ ಹೇಳಿದ ಮೇಲೆ ಸಮಾಧಾನವಾದರು. ಅದನ್ನೇ ನಾನು ಹೇಳಿದಾಗ ಆಗಿರಲಿಲ್ಲ.

40ಕ್ಕಿಂತ ಕಡಿಮೆ ಬಂದವರ ಗತಿ ಏನು ಅಂತ ಬಹಳ ಪೋಷಕರು ಕೇಳುತ್ತಾರೆ. 2021ರ ಫೆಬ್ರವರಿಯಲ್ಲಿ ವಿಕಾಸ್ ಕುಮಾರ್ ಮತ್ತು ಯುಪಿಎಸ್‌ಸಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಬರೆಯಲು ಸಹಾಯಕರು ಬೇಕು ಅಂದರೆ 40 ಪರ್ಸೆಂಟ್ ಇರಲೇಬೇಕು ಅನ್ನುವುದು ಸರಿಯಲ್ಲ ಅಂತ ಹೇಳಿತು. ಅದರ ಮೇಲೆ 2022ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ, 40ಕ್ಕಿಂತ ಕಡಿಮೆ ಇದ್ದು ಬರೆಯಲು ಕಷ್ಟ ಇರುವವರಿಗೆ ಪ್ರತ್ಯೇಕ ಮಾರ್ಗಸೂಚಿ ಹೊರಡಿಸಿತು. ಬಾಗಿಲು ಪೂರ್ತಿ ಮುಚ್ಚಿಲ್ಲ.

ಎಸ್‌ಎಸ್‌ಎಲ್‌ಸಿ ರಿಯಾಯಿತಿಗೆ ಅರ್ಜಿ ಶಾಲೆಯ ಮೂಲಕವೇ ಪರೀಕ್ಷಾ ಮಂಡಳಿಗೆ ಹೋಗಬೇಕು. ಪರೀಕ್ಷೆ ಹತ್ತಿರ ಬಂದಾಗ ಓಡಾಡಿದರೆ ಆಗುವುದಿಲ್ಲ, 10ನೇ ಕ್ಲಾಸಿನ ನೋಂದಣಿ ಶುರುವಾದಾಗಲೇ ಎಚ್‌ಎಂ ಕೈಗೆ ದಾಖಲೆ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಬೇಕು. ಹೊಸ ಎಚ್‌ಎಂಗೆ ಹುಡುಗ ಯಾರು ಅಂತಲೇ ಗೊತ್ತಿರಲಿಲ್ಲ. ಸೀಲ್ ಹಾಕಿದ ಆ ಒಂದೂವರೆ ಪುಟ ತೋರಿಸಿದಾಗ ಮಾತು ಸಲೀಸಾಯಿತು.

ಏನೇನು ಕೇಳಬೇಕು ಅನ್ನೋದರಲ್ಲಿ ಮನೆಯಲ್ಲೇ ವಾದ ನಡೆಯಿತು. ಸಿಗೋದನ್ನೆಲ್ಲ ತಗೊಳ್ಳೋಣ ಅಂತ ಅಪ್ಪ. ತೃತೀಯ ಭಾಷೆ ಹಿಂದಿಯ ವಿನಾಯಿತಿ, ಬರೆಯಲು ಸಹಾಯಕರು, ಎಲ್ಲ. ಹುಡುಗ ಒಪ್ಪಲಿಲ್ಲ. "ಹಿಂದೀಲಿ ವ್ಯಾಕರಣ ಇದೆ, ನಿಯಮ ಇದೆ, ನನಗೆ ಬರುತ್ತೆ. ಗೊತ್ತಿಲ್ಲದವರು ಪಕ್ಕ ಕೂತ್ರೆ ನನಗೆ ಬರೆಸೋಕೇ ಆಗಲ್ಲ. ನನಗೆ ಬೇಕಾಗಿರೋದು ಟೈಮು." ಅವನ ಕೈಬರಹ ನಿಧಾನ. ಒಂದು ಅಕ್ಷರ ಸರಿಯಾಗಿ ಬರದಿದ್ದರೆ ಅಳಿಸಿ ಮತ್ತೆ ಬರೆಯುತ್ತಾನೆ. ಹೆಚ್ಚುವರಿ ಸಮಯ, ಮತ್ತು ಗದ್ದಲ ಇಲ್ಲದ ಕೋಣೆ, ಎರಡನ್ನೇ ಕೇಳಿದೆವು. ಲಿಖಿತ ಪರೀಕ್ಷೆಗಳಿಗೆ ಕೇಂದ್ರದ 2018ರ ಮಾರ್ಗಸೂಚಿಯಲ್ಲಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚಿಗೆ ಅಂತ ಇತ್ತು, 3 ಗಂಟೆಗೆ 1 ಗಂಟೆ. ಸಮಯ ಸಿಕ್ಕಿತು. ಕೋಣೆ ಪರೀಕ್ಷಾ ಕೇಂದ್ರದವರು ಹೊಂದಿಸಿಕೊಟ್ಟರು, ಎರಡು ದಿನ ಮಾತ್ರ ಪಕ್ಕದ ರಸ್ತೆಯಲ್ಲಿ ಮದುವೆ ಛತ್ರದ ವಾಲಗ ಇತ್ತಂತೆ.

ಪಾಸಾದ. ಮಾರ್ಕ್ಸ್ ಎಷ್ಟು ಅಂತ ಬರೆಯಬೇಡಿ ಅಂತ ಹೇಳಿದ್ದಾನೆ.

ಈಗ ಪಿಯುಸಿ, ವಿಜ್ಞಾನ. ಸೆಕ್ಷನ್ನಿನಲ್ಲಿ ಮಕ್ಕಳು ಜಾಸ್ತಿ, ಲೆಕ್ಚರರ್‌ಗಳಿಗೆ ಹೆಸರೇ ಗೊತ್ತಾಗಿಲ್ಲ, ಟೈಮ್‌ಟೇಬಲ್ ವಾರಕ್ಕೊಂದು ಸಲ ಬದಲಾಗುತ್ತೆ. ಪ್ರಿನ್ಸಿಪಾಲರು ಪರೀಕ್ಷೆಯ ಹೆಚ್ಚುವರಿ ಸಮಯಕ್ಕೆ ಕೂಡಲೇ ಸಹಿ ಹಾಕಿದರು, ಕಾರ್ಡು ಇತ್ತಲ್ಲ. ಲ್ಯಾಬಿನಲ್ಲಿ ಜೋಡಿಯಾಗಿ ಕೆಲಸ ಮಾಡುವುದು, ವೈವಾದಲ್ಲಿ ಹೊಸಬರ ಮುಂದೆ ಮಾತಾಡುವುದು, ಇವೆರಡಕ್ಕೆ ಏನು ಮಾಡಬಹುದು ಅಂತ ಕೇಳಿದಾಗ, "ಎಸ್‌ಎಸ್‌ಎಲ್‌ಸಿಯಲ್ಲಿ ಇಷ್ಟು ಚೆನ್ನಾಗಿ ಮಾಡಿದಾನಲ್ಲ, ಇನ್ನೇನು ತೊಂದರೆ?" ಅಂದರಂತೆ. ಅಮ್ಮ ಹೊಸ ಟೈಮ್‌ಟೇಬಲ್ ಜೆರಾಕ್ಸ್ ಮಾಡಿಸಿದ್ದಾರೆ. ಅವನು ನಂಬರ್ ಹಾಕುತ್ತಿದ್ದಾನೆ.